ಅಳಿಸಬೇಡಿ, ಅವೆರಡೂ ಒಂದಲ್ಲ!

"ಯಾರು... ಯಾರು ಸರ್ವರ್ ಆಫ್ ಮಾಡಿದ್ದು?"

ವೆನಿಂಗ್ ತಳ್ಳಿದ ರಭಸಕ್ಕೆ ಬಾಗಿಲು ಗೋಡೆಗೆ ಬಡಿದು ವಾಪಸ್ ಬಂತು.

ಒಣ ಶುಂಠಿಯ ಉಗ್ರಾಣಕ್ಕೆ ಅಂಟಿಕೊಂಡಿದ್ದ ಆ ಪುಟ್ಟ ಕೋಣೆಯಲ್ಲಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದವನು ತಲೆ ಎತ್ತಿದ. ಕೈಯಲ್ಲಿ ಕೇಬಲ್ಲು. ಮೂಗಿನ ತುದಿಗೆ ಧೂಳು.

"ನಾನೇ... ಎಲ್ಲರಿಗೂ ತಿಳಿಸಿದ್ದೀವಿ ಅಂದ್ರು ಆಫೀಸಲ್ಲಿ."

"ನನಗೆ ತಿಳಿಸಿಲ್ಲ! ಹೊರಗೆ ಲಾರಿಗಳು ಸಾಲಾಗಿ ನಿಂತಿವೆ. ಸರಕಿನ ಚೀಟಿ ಅರ್ಧ ಪ್ರಿಂಟ್ ಆಗಿ ನಿಂತುಹೋಗಿದೆ. ಡ್ರೈವರುಗಳ ಬೈಗುಳ ನೀವು ಬಂದು ಕೇಳ್ತೀರಾ?"

ಅವನು ಸ್ವಿಚ್ ಒತ್ತಿದ. ಹಳೆಯ ಯಂತ್ರ ಕೆಮ್ಮಿತು, ಗುರುಗುಟ್ಟಿತು, ಮತ್ತೆ ಸುಮ್ಮನಾಯಿತು. ವೆನಿಂಗ್ ಕೈಕಟ್ಟಿ ನಿಂತೇ ಇದ್ದಳು.

"ಏಳಪ್ಪಾ, ಎದ್ದೇಳು..." ಅವನು ಯಂತ್ರದ ಬೆನ್ನು ತಟ್ಟಿ ಪಿಸುಗುಟ್ಟಿದ. "ಈ ಮ್ಬಾಕ್, ಈ ಅಕ್ಕ ತುಂಬಾ ಕೋಪದಲ್ಲಿದ್ದಾರೆ. ನೀನು ಏಳಲಿಲ್ಲ ಅಂದ್ರೆ ಮೊದಲು ಸಾಯೋದು ನಾನು."

ನಗಬಾರದು, ನಗಬಾರದು ಎಂದುಕೊಂಡೇ ವೆನಿಂಗ್ ಬಾಯಿಗೆ ಕೈ ಅಡ್ಡ ಹಿಡಿದಳು.

ಅಷ್ಟರಲ್ಲಿ ಯಂತ್ರ ಎದ್ದಿತು. ಅವನೂ ಎದ್ದು ನಿಂತ.

"ದಾಮರ್. ಸುರಬಾಯಾದಿಂದ ಬಂದಿದ್ದೀನಿ. ನಿಮ್ಮ ಹಳೇ ಡೇಟಾಬೇಸನ್ನ ಹೊಸದಕ್ಕೆ ಏರಿಸೋಕೆ."

"ವೆನಿಂಗ್. ದಾಸ್ತಾನು ಮತ್ತು ಯೋಜನೆ ವಿಭಾಗ. ಮುಂದಿನ ಸಲ ಕೇಬಲ್ ಮುಟ್ಟೋಕೆ ಮುಂಚೆ ನನ್ನನ್ನ ಕೇಳಿ, ಮಾಸ್." 'ಮಾಸ್' ಅಂದರೆ ಅಣ್ಣ; ಆದರೆ ಅವಳ ಧ್ವನಿಯಲ್ಲಿ ಆ ಸಲಿಗೆ ಇರಲಿಲ್ಲ.

"ಇನ್ನು ಉಸಿರಾಡೋಕೂ ನಿಮ್ಮನ್ನ ಕೇಳ್ತೀನಿ!"

ಸೆಮರಾಂಗಿನ ಆ ಜಾಮು, ಅಂದರೆ ನಾಟಿ ಔಷಧಿಯ ಕಾರ್ಖಾನೆ ಬಹಳ ಹಳೆಯದು. ಅರಿಶಿನ, ಶುಂಠಿ, ಅಕ್ಕಿ, ಬೇರು, ತೊಗಟೆ ಎಲ್ಲವನ್ನೂ ಒಣಗಿಸಿ ಅರೆದು ಔಷಧಿಯ ಪುಡಿ ಮಾಡಿ ಊರೂರಿಗೆ ಕಳಿಸುತ್ತಿದ್ದರು. ಯಾವ ಗೋದಾಮಿನಲ್ಲಿ ಯಾವ ಪುಡಿ ಎಷ್ಟಿದೆ, ಯಾವ ಊರಿಗೆ ಹೋಗಬೇಕು ಎಂಬುದೆಲ್ಲ ಒಂದು ಹಳೇ ಸಾಫ್ಟ್‌ವೇರಿನಲ್ಲಿತ್ತು. ಅದನ್ನು ಬರೆದವರು ಅದರ ಕೈ ಬಿಟ್ಟು ವರ್ಷಗಳಾಗಿದ್ದವು. ವೆನಿಂಗ್ ಮತ್ತು ಅವಳ ಕೈಕೆಳಗಿನ ಐದು ಮಂದಿ ಅದನ್ನು ಹೇಗೋ ಸಂಭಾಳಿಸಿಕೊಂಡು ಬಂದಿದ್ದರು.

ಹಳೆಯದರಿಂದ ಹೊಸದಕ್ಕೆ ಒಂದೇ ಜಿಗಿತಕ್ಕೆ ಹೋಗುವ ಹಾಗಿರಲಿಲ್ಲ. ಮೊದಲು ನಡುವಿನ ಆವೃತ್ತಿಗೆ, ಅಲ್ಲಿಂದ ಹೊಸದಕ್ಕೆ. ದಾಮರ್ ಒಂದು ಪ್ರತಿ ತೆಗೆದು ಅದರ ಮೇಲೆ ಪ್ರಯೋಗ ಶುರುಮಾಡಿದ. ಶುರುವಾದದ್ದೇ ತಡ, ಪರದೆಯ ತುಂಬ ಕೆಂಪು ಅಕ್ಷರ!

ಒಂದು ದಿನ, ತಾರೀಕೇ ಇಲ್ಲದ ಬಿಲ್ಲುಗಳನ್ನು ಹೊಸ ಡೇಟಾಬೇಸ್ ಒಳಗೇ ಬಿಟ್ಟುಕೊಳ್ಳಲಿಲ್ಲ. ಇನ್ನೊಂದು ದಿನ, ಗಿರಾಕಿಗಳ ಹೆಸರೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿಬಿಟ್ಟವು. ಮತ್ತೊಂದು ದಿನ ಎಲ್ಲ ಸರಿಹೋಯಿತು ಅಂದುಕೊಳ್ಳುವಷ್ಟರಲ್ಲಿ, 'ಈ ಸರಕಿನ ಕೋಡ್ ಆಗಲೇ ಇದೆ' ಎಂದು ಅರ್ಧದಾರಿಯಲ್ಲಿ ನಿಂತುಬಿಟ್ಟಿತು.

"ಮ್ಬಾಕ್, ಇದು ಯಾಕೆ ಹೀಗೆ? ಕೋಡ್ ಒಂದೇ ಕಾಣ್ತಿದೆ, ದಾಖಲೆ ಮಾತ್ರ ಎರಡು."

ವೆನಿಂಗ್ ಪರದೆಗೆ ಬಗ್ಗಿ ನೋಡಿದಳು. ನಕ್ಕಳು.

"ಒಂದೇ ಅಲ್ಲ. ಎರಡನೆಯದರ ಕೊನೆಗೆ ಒಂದು ಖಾಲಿ ಜಾಗ ಇದೆ ನೋಡಿ. ದೆಮಾಕ್ ಗೋದಾಮಿನವರ ಅಭ್ಯಾಸ. ಹೊಸ ಕೋಡ್ ಕೇಳೋಕೆ ಸೋಮಾರಿತನ, ಸ್ಪೇಸ್ ಒತ್ತಿ ಬೇರೆ ಮಾಡ್ಕೊಂಡುಬಿಡ್ತಾರೆ. ಹಳೇದು ಅದನ್ನ ಬೇರೆ ಅಂತ ಒಪ್ಕೊಳ್ತಿತ್ತು. ನಿಮ್ಮ ಹೊಸದು ಒಪ್ತಿಲ್ಲ."

"ನೋಡಿ, ಖಾಲಿ ಜಾಗದಲ್ಲೂ ಇಷ್ಟು ವಿಷಯ ಇರುತ್ತೆ..." ಎಂದ ಅವನು. ಅವಳು ಪರದೆಯಿಂದ ತಲೆ ಎತ್ತಿದಾಗ ಅವನ ಕಣ್ಣು ಪರದೆಯ ಮೇಲಿರಲಿಲ್ಲ.

ಉಪವಾಸದ ತಿಂಗಳು. ಸಂಜೆ ಮಸೀದಿಯ ಕೂಗು ಕೇಳಿಸಿದ ಕೂಡಲೇ ಇಬ್ಬರೂ ಗೇಟಿನ ಎದುರಿನ ಗೂಡಂಗಡಿಗೆ ಓಡುತ್ತಿದ್ದರು. ತೆಂಗಿನ ಹಾಲಿನಲ್ಲಿ ಬೆಂದ ಬಾಳೆಹಣ್ಣಿನ ಕೋಲಕ್, ಬಿಸಿ ಬಿಸಿ ಸೋಯಾಕಾಳಿನ ತೆಂಪೆ ಬಜ್ಜಿ. ಅಂಗಡಿಯಾಕೆ ಇವರಿಬ್ಬರಿಗೇ ಅಂತ ಬೆಂಚು ಒರೆಸಿಡುವ ಹಾಗಾಯಿತು.

ದಾಮರ್ ಕೇಳುತ್ತಲೇ ಇರುತ್ತಿದ್ದ. ಸರಕು ವಾಪಸ್ ಬಂದರೆ ಏನು ಮಾಡ್ತೀರಿ? ಯಾರ ಮಾತು ನಂಬ್ತೀರಿ? ಯಾಕೆ ಈ ಕೆಲಸಕ್ಕೆ ಬಂದ್ರಿ? ಅಪ್ಪ ಹೋದಾಗ ನಿಮಗೆಷ್ಟು ವಯಸ್ಸು?

'ಇಷ್ಟು ವರ್ಷದಲ್ಲಿ ನನ್ನನ್ನ ಇಷ್ಟು ಕೇಳಿದವರು ಯಾರಿದ್ದಾರೆ?' ಎಂದುಕೊಳ್ಳುತ್ತಿದ್ದಳು ವೆನಿಂಗ್. ಮೂವತ್ತೆರಡಕ್ಕೆ ಕಾಲಿಟ್ಟವಳಿಗೆ ಹದಿನಾರರ ಹುಡುಗಿಯ ಹಾಗೆ ಎದೆ ಹೊಡೆದುಕೊಳ್ಳುವುದೆಂದರೆ... ಛೀ! ನಾಚಿಕೆಯೇ ಆಗುತ್ತಿತ್ತು.

ಅವಳ ಗೆಳತಿಯೂ ಸಹೋದ್ಯೋಗಿಯೂ ಆದ ಸುಲಾಸ್ತ್ರಿಗೆ ಎಲ್ಲ ಗೊತ್ತಾಗಿಹೋಗಿತ್ತು.

"ಏನು ವೆನಿಂಗ್, ಡೇಟಾಬೇಸ್ ಎಲ್ಲಿವರೆಗೆ ಏರಿತು? ನಿನ್ನ ಕೆನ್ನೆವರೆಗೂ ಏರಿದ ಹಾಗಿದೆ!"

"ಸುಮ್ನಿರೇ ನೀನು!"

"ಸರಿ, ಸುಮ್ನಿರ್ತೀನಿ. ಒಂದು ಮಾತು ಹೇಳು. ಆಸ್ಪತ್ರೆ ಹತ್ತಿರದ ಔಷಧಿ ಅಂಗಡಿಯವರು ಕೆಲಸಕ್ಕೆ ಕರೀತಿದ್ದಾರೆ. ಮನೆಗೂ ಹತ್ತಿರ. ಹೋಗ್ಲಾ, ಬೇಡ್ವಾ?"

"ಬೇಡ ಕಣೇ. ಹೊಸ ಸಿಸ್ಟಂ ಬಂದ್ಮೇಲೆ ನಮ್ಮ ವಿಭಾಗಕ್ಕೇ ಜಾಸ್ತಿ ಕೆಲಸ. ನಿನ್ನ ಬಿಟ್ರೆ ನಂಗ್ಯಾರು?"

ಸುಲಾಸ್ತ್ರಿ ಆ ಕೆಲಸಕ್ಕೆ ಒಲ್ಲೆ ಎಂದಳು. ವೆನಿಂಗ್ ಹೇಳಿದಳು ಎಂಬ ಒಂದೇ ಕಾರಣಕ್ಕೆ.

ಹಬ್ಬ ಹತ್ತಿರ ಬಂತು. ನಿಜವಾದ ಡೇಟಾಬೇಸನ್ನು ಏರಿಸುವುದು ಶನಿವಾರ ಎಂದು ಗೊತ್ತಾಯಿತು. ಗುರುವಾರ ದಾಮರನ ಸುರಬಾಯಾ ಕಚೇರಿಯಿಂದ ವಿರಾವನ್ ಎಂಬ ಅಧಿಕಾರಿ ಬಂದಿಳಿದರು, ಎಲ್ಲರೂ ಗೌರವದಿಂದ 'ಪಾಕ್' ಎನ್ನುವ ಹಿರಿಯರು. ಮೆಟ್ಟಿಲ ಹತ್ತಿರ ವೆನಿಂಗಳನ್ನು ಕಂಡವರೇ ಕೈ ಚಾಚಿದರು.

"ಓ, ವೆನಿಂಗ್ ಅಂದ್ರೆ ನೀವೇನಾ? ನಿಮ್ಮ ವಿಭಾಗದ ಕೆಲಸವನ್ನೆಲ್ಲ ದಾಮರ್ ಎಷ್ಟು ಅಚ್ಚುಕಟ್ಟಾಗಿ ತಿಳಿಸಿಕೊಟ್ಟಿದ್ದಾನೆ! ಇನ್ನು ನಮ್ಮ ಹುಡುಗರು ಸುರಬಾಯಾದಲ್ಲೇ ಕೂತು ನೋಡ್ಕೋತಾರೆ. ಅಂದ ಹಾಗೆ, ಹಬ್ಬ ಮುಗಿದ ಮೇಲೆ ನೀವೆಲ್ಲ ಏನು ಮಾಡಬೇಕು ಅಂತಿದ್ದೀರಿ?"

"ಅಂದ್ರೆ? ಏನು... ಏನು ಮಾಡೋದು ಪಾಕ್?"

ಅವರ ನಗು ಮೆಲ್ಲನೆ ಆರಿತು.

"ನಿಮ್ಮ ವಿಭಾಗ ಮುಚ್ಚುತ್ತಲ್ಲ... ಯಾರೂ ಹೇಳಿಲ್ವಾ ನಿಮಗೆ?"

ವೆನಿಂಗ್ ನೇರ ಸರ್ವರ್ ಕೋಣೆಯತ್ತ ನಡೆದಳು.

ದಾಮರ್ ಆ ಪುಟ್ಟ ಕೋಣೆಯಲ್ಲಿದ್ದ. ಅವಳ ಮುಖ ನೋಡಿದ ಕೂಡಲೇ ಎದ್ದು ನಿಂತ. ಅವನು ಎದ್ದು ನಿಂತ ಆ ರೀತಿಯಲ್ಲೇ ಅವಳಿಗೆ ಉತ್ತರ ಸಿಕ್ಕಿಬಿಟ್ಟಿತ್ತು. ಆದರೂ ಕೇಳಿದಳು.

"ಗೊತ್ತಿತ್ತಾ?"

ಅವನು ಕೈಯಲ್ಲಿದ್ದ ಕೇಬಲ್ಲನ್ನು ಕೆಳಗಿಟ್ಟ.

"ಮಾಸ್ ದಾಮರ್, ಗೊತ್ತಿತ್ತಾ, ಇಲ್ವಾ?"

"...ಗೊತ್ತಿತ್ತು."

"ಯಾವಾಗಿಂದ?"

"ಮೊದಲು ಗೊತ್ತಿರಲಿಲ್ಲ ವೆನಿಂಗ್, ನಂಬಿ. ನಿಮ್ಮನ್ನೆಲ್ಲ ಬೇರೆ ವಿಭಾಗಕ್ಕೆ ಹಾಕ್ತೀವಿ, ಹೊಸಬರಿಗೆ ಕಲಿಸೋಕೆ ನೀನು ಎಲ್ಲ ಕೇಳಿ ತಿಳ್ಕೊ ಅಂತ ಹೇಳಿದ್ರು. ಎರಡು ವಾರದ ಹಿಂದೆ ನಿಜ ಗೊತ್ತಾಯ್ತು. ವಿರಾವನ್ ಹತ್ರ ಜಗಳ ಆಡಿದೆ. ಪ್ರಯೋಜನ ಆಗಲಿಲ್ಲ."

"ಎರಡು ವಾರ..." ವೆನಿಂಗಳ ಧ್ವನಿ ತಣ್ಣಗಿತ್ತು. "ಎರಡು ವಾರ ದಿನಾ ಸಂಜೆ ನನ್ನ ಪಕ್ಕ ಕೂತು ಕೋಲಕ್ ತಿಂದ್ರಿ."

"ಹೇಳಿದ್ರೆ ನೀವು ನನ್ನ ಹತ್ರ ಮಾತೇ ನಿಲ್ಲಿಸ್ತೀರಿ ಅಂತ ಹೆದರಿದೆ..."

"ಅದಕ್ಕೆ?" ಈಗ ಅವಳು ಕೂಗಿದಳು. "ನಿಮಗೆ ನನ್ನ ಮಾತು ಬೇಕಿತ್ತು ಅಂತ ನಮ್ಮ ಬದುಕಿನ ವಿಷಯ ಬಚ್ಚಿಟ್ರಾ? ಸುಲಾಸ್ತ್ರಿಗೆ ಕೈಯಲ್ಲಿದ್ದ ಕೆಲಸ ನಾನೇ ಬಿಡಿಸಿದೆ! ಹೋದ ವಾರ! ನನ್ನ ಬಾಯಲ್ಲೇ ಅವಳಿಗೆ ಸುಳ್ಳು ಹೇಳಿಸಿಬಿಟ್ರಲ್ಲ ಮಾಸ್!"

"ವೆನಿಂಗ್..."

"ಮ್ಬಾಕ್ ವೆನಿಂಗ್ ಅನ್ನಿ. ನೀವು ಹೊರಗಿನವರು."

ಅವಳು ತಿರುಗಿ ನಡೆದಳು. ಮನೆಯ ತನಕ ಅಳಲಿಲ್ಲ. ಮನೆಯಲ್ಲಿ ತಾಯಿ "ಯಾಕೆ ಮಗು, ಇಷ್ಟು ಬೇಗ ಬಂದೆ?" ಎಂದು ಕೇಳಿದ್ದೇ ತಡ, ಚಪ್ಪಲಿಯನ್ನೂ ಬಿಚ್ಚದೆ ಬಾಗಿಲಲ್ಲೇ ಕುಸಿದು ಕೂತಳು.

'ನನ್ನ ಬಗ್ಗೆ ತಿಳ್ಕೋಬೇಕು ಅಂತ ಕೇಳ್ತಿದ್ದಾನೆ ಅಂದ್ಕೊಂಡೆ... ನನ್ನ ಜಾಗಕ್ಕೆ ಬರೋರಿಗೆ ಹೇಳಿಕೊಡೋಕೆ ಕೇಳ್ತಿದ್ದ. ನಾನೆಂಥ ಹುಚ್ಚಿ!'

ಸುಲಾಸ್ತ್ರಿಗೆ ಅವಳೇ ಫೋನ್ ಮಾಡಿ ಹೇಳಿದಳು.

"ನೀನು ಬೇಕು ಅಂತ ಮಾಡಿದ್ದಲ್ಲವಲ್ಲ," ಎಂದಳು ಸುಲಾಸ್ತ್ರಿ. ಆ ಮಾತು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. 'ಬೇಕು ಅಂತ ಮಾಡಿದ್ದಲ್ಲ ಅಂತ ದಾಮರನೂ ಹೇಳ್ತಾನೆ...'

ಶುಕ್ರವಾರ ಅವಳು ಕೆಲಸಕ್ಕೆ ಹೋಗಲಿಲ್ಲ. ಶನಿವಾರವೂ ಹೋಗಬಾರದೆಂದು ಹಟ ಹಿಡಿದು ಕೂತಿದ್ದಳು. ಮಧ್ಯಾಹ್ನ ಫೋನ್ ಬಡಿದುಕೊಂಡಿತು. ಸುಲಾಸ್ತ್ರಿ.

"ವೆನಿಂಗ್, ಇಲ್ಲಿ ದೊಡ್ಡ ರಾದ್ಧಾಂತ! ಅಪ್‌ಗ್ರೇಡ್ ಅರ್ಧದಲ್ಲಿ ನಿಂತಿದೆ. ಪ್ರಯೋಗದ ಪ್ರತಿಯಲ್ಲಿ ಆಗಿದ್ದು ನಿಜವಾದದ್ದರಲ್ಲಿ ಆಗ್ತಿಲ್ಲ. ಒಂದೇ ಕೋಡ್ ಎರಡು ಕಡೆ ಸಿಕ್ಕಿದೆಯಂತೆ. ಒಂದನ್ನ ಅಳಿಸಿ ಮುಂದೆ ಹೋಗು ಅಂತ ವಿರಾವನ್ ಕೂಗಾಡ್ತಿದ್ದಾರೆ. ಹಬ್ಬದ ಗದ್ದಲಕ್ಕೆ ನಾಳೆಯಿಂದ ಹೆದ್ದಾರಿಗೆ ಲಾರಿ ಬಿಡಲ್ಲ, ಇವತ್ತೇ ಹೊರಡಬೇಕು ನೋಡು."

"ಏನಾದ್ರೂ ಮಾಡ್ಕೊಳ್ಲಿ. ನಮಗೇನು?"

"ಅದೂ ನಿಜ ಬಿಡು. ಅಕ್ಕಿ-ಕಚೋರದ ಪುಡಿಯ ಕೋಡಂತೆ. ಅದಕ್ಕೆ ಎರಡ್ಯಾಕಿದೆಯೋ..."

ವೆನಿಂಗ್ ಧಡಕ್ಕನೆ ಎದ್ದು ಕೂತಳು.

"ಏನಂದೆ? ಅಕ್ಕಿ-ಕಚೋರಾನಾ? ಸುಲಾಸ್ತ್ರಿ, ದೆಮಾಕಿನಿಂದ ಹೋದ ವಾರ ಸರಕು ವಾಪಸ್ ಬಂತಲ್ಲ, ಅದನ್ನ ಯಾರು ಎಂಟ್ರಿ ಮಾಡಿದ್ದು?"

"ಅಲ್ಲಿಯವರೇ ಮಾಡಿ ಕಳ್ಸಿದ್ರು. ಯಾಕೆ?"

"ಅವರು ಮತ್ತೆ ಸ್ಪೇಸ್ ಒತ್ತಿದ್ದಾರೆ! ಒಂದು ಬೆಲ್ಲ ಹಾಕಿದ್ದು, ಇನ್ನೊಂದು ಸಕ್ಕರೆ ಕಾಯಿಲೆಯವರಿಗೆ ಅಂತ ಬೆಲ್ಲ ಇಲ್ಲದೆ ಮಾಡಿದ್ದು. ಒಂದನ್ನ ಅಳಿಸಿದ್ರೆ ಎರಡೂ ಒಂದೇ ಅಂತ ಲಾರಿ ಹತ್ತುತ್ತೆ ಕಣೇ! ಯಾರು ಏನು ಕುಡೀತಾರೆ?"

ಅವಳು ಫೋನಿಟ್ಟವಳೇ ಸ್ಕೂಟರ್ ಕೀಲಿ ಹುಡುಕಿದಳು.

ಸರ್ವರ್ ಕೋಣೆಯ ಮುಂದೆ ಜನ ಸೇರಿದ್ದರು. ಕಾರ್ಖಾನೆಯ ಒಡತಿ, ಎಲ್ಲರೂ 'ಬು' ಅಂದರೆ ಅಮ್ಮ ಎಂದು ಕರೆಯುವ ಬು ಲಿಯಾನಿ, ಕುರ್ಚಿ ತರಿಸಿಕೊಂಡು ಕೂತಿದ್ದರು. ವಿರಾವನ್ ಬೆವರುತ್ತಿದ್ದರು. ದಾಮರ್ ಯಂತ್ರಕ್ಕೆ ಬೆನ್ನು ಕೊಟ್ಟು, ಕೀಬೋರ್ಡಿಗೆ ಅಡ್ಡ ನಿಂತಿದ್ದ.

"ಅಳಿಸೋ ಅಂದ್ರೆ ಅಳಿಸು! ಒಂದು ಸಾಲು ತಾನೇ?"

"ಆಗಲ್ಲ ಪಾಕ್. ಅದು ಏನು ಅಂತ ಗೊತ್ತಿಲ್ಲದೆ ನಾನು ಅಳಿಸಲ್ಲ."

"ಯಾರಿಗೆ ಗೊತ್ತು ಹಾಗಾದ್ರೆ?"

"ಮ್ಬಾಕ್ ವೆನಿಂಗ್‌ಗೆ."

"ಕರಿ ಮತ್ತೆ!"

"ಕರೆಯೋ ಮುಖ ನನಗಿಲ್ಲ. ಯಾರ ಕೆಲಸ ಕಿತ್ಕೊಂಡ್ವೋ ಅವರ ಹತ್ರಾನೇ ಸಹಾಯ ಕೇಳೋದಾದ್ರೆ ನೀವೇ ಕೇಳಿ."

"ಅಳಿಸಬೇಡಿ!" ಬಾಗಿಲಿಂದ ಬಂದ ಧ್ವನಿಗೆ ಎಲ್ಲರೂ ತಿರುಗಿದರು. "ಅವೆರಡೂ ಒಂದಲ್ಲ!"

ವೆನಿಂಗ್ ಏದುಸಿರು ಬಿಡುತ್ತಿದ್ದಳು. ದಾಮರನ ಕಡೆ ನೋಡಲಿಲ್ಲ. ಕುರ್ಚಿ ಎಳೆದು ಕೂತು, ಗೋಡೆಗೆ ಹೇಳುವ ಹಾಗೆ ಹೇಳಿದಳು:

"ಮೊದಲು ನಿನ್ನೆಯ ಬ್ಯಾಕಪ್ ವಾಪಸ್ ಹಾಕಿ."

"ಹಾಕ್ತೀನಿ."

"ಹಳೆಯದರಲ್ಲೇ ಬೆಲ್ಲ ಇಲ್ಲದ್ದಕ್ಕೆ ಹೊಸ ಕೋಡ್ ಕೊಡಬೇಕು. ಅದಕ್ಕೆ ಅಂಟಿರೋ ಆರ್ಡರುಗಳೂ ಅದರ ಜೊತೆ ಹೋಗಬೇಕು. ಸುಲಾಸ್ತ್ರಿ, ನೀನು ಗೋದಾಮಿಗೆ ಹೋಗಿ ಒಂದೊಂದು ಮೂಟೆಯ ಲೇಬಲ್ಲೂ ನೋಡು. ಪರದೆ ಹೇಳಿದ್ದನ್ನ ನಂಬಬೇಡ."

ಸುಲಾಸ್ತ್ರಿ ಫೋನಿನಲ್ಲಿ ಲೇಬಲ್ ಓದಿದಳು, ವೆನಿಂಗ್ ಹೇಳಿದಳು, ದಾಮರ್ ತಿದ್ದಿದ. ಕೆಲಸದ ಮಾತು ಬಿಟ್ಟರೆ ಇಬ್ಬರ ನಡುವೆ ಒಂದಕ್ಷರವಿಲ್ಲ. ಒಮ್ಮೆ ಒಂದೇ ಪೆನ್ನಿಗೆ ಇಬ್ಬರ ಕೈಯೂ ಹೋಯಿತು. ಅವಳು ಬಿಸಿ ತಾಕಿದ ಹಾಗೆ ಕೈ ಹಿಂದೆಗೆದುಕೊಂಡಳು.

ಮತ್ತೆ ಶುರುಮಾಡಿದರು. ನಡುವಿನ ಆವೃತ್ತಿ ದಾಟಿತು. ಹೊಸದಕ್ಕೆ ಏರತೊಡಗಿತು.

ಕೊನೆಗೆ ಹಸಿರು ಗೆರೆ ಬಂತು! ಹೊಸ ಕೋಡಿನೊಂದಿಗೆ ಮೊದಲ ಚೀಟಿ ಪ್ರಿಂಟರಿನಿಂದ ಹೊರಬಿದ್ದಾಗ ಅಂಗಳದಲ್ಲಿ ಲಾರಿಗಳ ಎಂಜಿನ್ ಗುಡುಗಿತು.

"ಶಾಬಾಸ್!" ಎಂದರು ವಿರಾವನ್, ಮುಖ ಒರೆಸಿಕೊಳ್ಳುತ್ತ.

ದಾಮರ್ ಬು ಲಿಯಾನಿಯವರ ಕಡೆ ತಿರುಗಿದ. "ಬು, ಒಂದು ಮಾತು. ಈ ಆರು ಜನರನ್ನ ಮನೆಗೆ ಕಳಿಸ್ತಾರೆ ಅಂತ ಗೊತ್ತಾದ ಮೇಲೂ ನಾನು ಬಾಯಿ ಮುಚ್ಕೊಂಡಿದ್ದೆ. ಯಾರೂ ನನ್ನ ಬಾಯಿ ಕಟ್ಟಿರಲಿಲ್ಲ. ನನ್ನ ಸ್ವಾರ್ಥಕ್ಕೆ ಸುಮ್ಮನಿದ್ದೆ. ತಪ್ಪು ನನ್ನದು. ಇವರು ಇವತ್ತು ಬರಬೇಕಾಗಿರಲಿಲ್ಲ, ಆದ್ರೂ ಬಂದ್ರು."



ಬು ಲಿಯಾನಿ ವೆನಿಂಗಳನ್ನೇ ನೋಡಿದರು. "ನಾನೂ ನಿನಗೆ ಮುಖ ಕೊಟ್ಟು ಹೇಳಬೇಕಿತ್ತಮ್ಮಾ. ನೀನು ಇಲ್ಲೇ ಇರು. ಬೇರೆ ಏನಾದ್ರೂ ವ್ಯವಸ್ಥೆ ಮಾಡೋಣ."

"ನಾನು ಇರಲ್ಲ ಬು. ಉಳಿದ ಐದು ಜನಕ್ಕೆ ಬೇರೆ ಕೆಲಸ ಸಿಗೋವರೆಗೆ ಇಲ್ಲೇ ಇರಿಸ್ಕೊಳ್ಳಿ. ಇಷ್ಟು ವರ್ಷಕ್ಕೆ ನಾನು ಕೇಳ್ತಿರೋದು ಇದೊಂದೇ."

ಅವರು ತಲೆಯಾಡಿಸಿದರು. ಎಲ್ಲರ ಮುಂದೆ ಮಾತು ಕೊಟ್ಟರು.

ಸ್ಕೂಟರ್ ಹತ್ತಿರ ದಾಮರ್ ಓಡಿ ಬಂದ.

"ವೆನಿಂ... ಮ್ಬಾಕ್ ವೆನಿಂಗ್."

ಅವಳು ಹೆಲ್ಮೆಟ್ ಹಾಕಿಕೊಳ್ಳುತ್ತಲೇ ಹೇಳಿದಳು: "ಎಲ್ಲರ ಮುಂದೆ ಹೇಳಿದ್ರಿ, ಒಳ್ಳೇದಾಯ್ತು. ನನಗೊಬ್ಬಳಿಗೆ ಹೇಳಬೇಕಾಗಿದ್ದ ದಿನ ಹೇಳಲಿಲ್ಲ ನೀವು. ಆ ದಿನ ಯಾವ ಬ್ಯಾಕಪ್ಪಿನಿಂದ ವಾಪಸ್ ತರ್ತೀರಿ?"

ಅವಳು ಸ್ಕೂಟರ್ ಹೊರಡಿಸಿದಳು. ಗೇಟು ದಾಟಿದ ಮೇಲೆ ಅವಳಿಗೆ ರಸ್ತೆ ಮಸುಕು ಮಸುಕಾಗಿ ಕಂಡಿತು.

ಹಬ್ಬ ಬಂತು. ದೊಡ್ಡವರ ಮುಂದೆ ಮಂಡಿಯೂರಿ, ನೆರೆಹೊರೆಯವರ ಕೈ ಹಿಡಿದು, ವರ್ಷದ ತಪ್ಪುಗಳಿಗೆಲ್ಲ ಕ್ಷಮೆ ಕೇಳುವ ಹಬ್ಬ. ಎರಡನೆಯ ದಿನ ಸುಲಾಸ್ತ್ರಿ ಓಡೋಡಿ ಬಂದಳು.

"ಗೊತ್ತಾ? ನಿನ್ನ ದಾಮರ್ ನಮ್ಮ ಮನೆಗೆ ಬಂದಿದ್ದ!"

"ನನ್ನ ದಾಮರ್ ಅನ್ನಬೇಡ."

"ಸರಿ, ಯಾರದೋ ದಾಮರ್! ನಮ್ಮ ಐದೂ ಜನರ ಮನೆಗೆ ಹೋಗಿದ್ದಾನೆ ಕಣೇ. ನಮ್ಮತ್ತೆ ಮುಂದೆ ಮಂಡಿಯೂರಿ, 'ನಿಮ್ಮ ಸೊಸೆಗೆ ನನ್ನಿಂದ ಅನ್ಯಾಯ ಆಗಿದೆ' ಅಂದ. ನಮ್ಮತ್ತೆ ಬಿಡ್ತಾರಾ? ಮನಸಾರೆ ಬೈದ್ರು! ಬೈದಾದ ಮೇಲೆ ಊಟ ಹಾಕಿದ್ರು. ಆಮೇಲೆ ಆ ಔಷಧಿ ಅಂಗಡಿಗೆ ನನ್ನ ಜೊತೆ ಬಂದು, ಇವರು ತಪ್ಪು ಮಾಹಿತಿ ನಂಬಿ ಕೆಲಸ ಬೇಡ ಅಂದ್ರು ಅಂತ ವಿವರಿಸಿದ. ಹಬ್ಬ ಕಳೆದು ಬಾ ಅಂದಿದ್ದಾರೆ ನಂಗೆ!"

"ಮತ್ತೆ... ನಮ್ಮ ಮನೆಗೆ?"

"ಹೋಗೋ ಧೈರ್ಯ ಇಲ್ಲ ಅಂದ."

 ಅವತ್ತು ವೆನಿಂಗ್ ಗೇಟಿನ ಸದ್ದಾದಾಗಲೆಲ್ಲ ಎದ್ದು ನೋಡಿದಳು. ತನ್ನ ಮೇಲೆ ತನಗೇ ಸಿಟ್ಟು ಬಂತು.

ಅವನು ಬಂದದ್ದು ಮರುದಿನ ಬೆಳಿಗ್ಗೆ. ಇಸ್ತ್ರಿ ಮಾಡಿದ ಬಾಟಿಕ್ ಅಂಗಿ, ನಿದ್ದೆಗೆಟ್ಟ ಕಣ್ಣು.

"ಹಬ್ಬದ ಕ್ಷಮೆ ಕೇಳೋಕೆ ಬಂದ್ರಾ?" ಎಂದಳು ಜಗಲಿಯ ಮೇಲಿಂದಲೇ. "ಬಾಗಿಲಿಗೆ ಬಂದೋರಿಗೆಲ್ಲ ಕೊಡ್ತೀವಿ. ತಗೊಂಡು ಹೋಗಿ."

"ಬೇಡ. ಅದು ಪದ್ಧತಿಗೆ ಕೊಡೋದು. ನಿಮಗೆ ಅನ್ನಿಸಿದಾಗ ಕೊಡಿ. ಅನ್ನಿಸದಿದ್ರೆ ಬೇಡ."

"ಮತ್ತ್ಯಾಕೆ ಬಂದ್ರಿ?"

"ನಾನು ಕೆಲಸ ಬಿಟ್ಟೆ. ನಿಮಗೋಸ್ಕರ ಅಂತ ಹೇಳಲ್ಲ, ಸುಳ್ಳಾಗುತ್ತೆ. ಮುಂದಿನ ಊರಲ್ಲೂ ಇದೇ ಥರದ ಕೆಲಸ ಕೊಟ್ರು. ಮತ್ತೆ ಯಾರದೋ ಪಕ್ಕ ಕೂತು, ನಗ್ತಾ ಕೇಳಿ, ಅವರ ಬೇರು ಕೀಳೋದು... ನನ್ನ ಕೈಲಾಗಲಿಲ್ಲ."

ವೆನಿಂಗ್ ಜಗಲಿಯ ಕಂಬಕ್ಕೆ ಒರಗಿದಳು. ಇಷ್ಟು ದಿನ ಒಳಗೊಳಗೇ ಕುಟುಕುತ್ತಿದ್ದ ಮಾತು ಹೊರಬಿತ್ತು.

"ನೀವು ಅಷ್ಟೆಲ್ಲ ಕೇಳ್ತಿದ್ರಲ್ಲ... ಅದರಲ್ಲಿ ಕೆಲಸಕ್ಕೆ ಕೇಳಿದ್ದು ಯಾವುದು? ನನಗೋಸ್ಕರ ಕೇಳಿದ್ದು ಯಾವುದು?"

"ವಾಪಸ್ ಬಂದ ಸರಕಿನ ಬಗ್ಗೆ ಕೇಳಿದ್ದು ಕೆಲಸಕ್ಕೆ. ಗೋದಾಮು, ಲಾರಿ, ಆರ್ಡರು... ಎಲ್ಲ ಕೆಲಸಕ್ಕೆ." ಅವನು ತಡವರಿಸಲಿಲ್ಲ. "ನಿಮ್ಮಪ್ಪನ ಬಗ್ಗೆ ಕೇಳಿದ್ದು ನನಗೋಸ್ಕರ. ನಗುವಾಗ ಬಾಯಿಗೆ ಯಾಕೆ ಕೈ ಅಡ್ಡ ಹಿಡೀತೀರಿ ಅಂತ ಕೇಳಬೇಕು ಅಂತಿದ್ದೆ. ಅದನ್ನ ಕೇಳೋಕೇ ಆಗಲಿಲ್ಲ. ಪ್ರೀತಿ ಅಂತ ಗೊತ್ತಾದ ದಿನವೇ ನಿಜಾನೂ ಗೊತ್ತಾಯ್ತು ವೆನಿಂಗ್. ಒಂದನ್ನ ಹೇಳಿದ್ರೆ ಇನ್ನೊಂದನ್ನ ಕಳ್ಕೋತೀನಿ ಅನ್ನೋ ಭಯಕ್ಕೆ ಎರಡನ್ನೂ ಹೇಳಲಿಲ್ಲ."

ಅವಳ ಕಣ್ಣು ತುಂಬಿತು. ಈ ಸಲ ಮರೆಸಿಕೊಳ್ಳಲಿಲ್ಲ.

"ನನಗಿನ್ನೂ ನೋವಿದೆ ಮಾಸ್. ಇವತ್ತೇ ಹೋಗಲ್ಲ ಅದು."

"ಇರಲಿ. ಇರೋವರೆಗೂ ಬೈಸ್ಕೋತೀನಿ."

"ನನಗೆ ಮುಚ್ಚಿಟ್ಟು ನನ್ನ ಕಾಪಾಡೋರು ಬೇಡ. ಎಷ್ಟೇ ಕೆಟ್ಟ ಸುದ್ದಿ ಆದ್ರೂ ಮೊದಲು ನನಗೆ ಹೇಳಬೇಕು."

"ಹೇಳ್ತೀನಿ."

"ಈಗ ಏನಾದ್ರೂ ಇದೆಯಾ, ಹೇಳದೆ ಇಟ್ಕೊಂಡಿದ್ದು?"

ದಾಮರ್ ಗಂಭೀರವಾಗಿ ಯೋಚಿಸಿದ.

"ಒಂದಿದೆ. ಬರ್ತಾ ನಿಮ್ಮ ಗೇಟು ತಳ್ಳುವಾಗ ಹೂವಿನ ಕುಂಡ ಒಂದು ಒಡೆದುಹೋಯ್ತು. ಚೂರುಗಳನ್ನ ಗಿಡದ ಹಿಂದೆ ಸೇರಿಸಿಟ್ಟಿದ್ದೀನಿ."

ಒಂದು ಕ್ಷಣ ಅವಳು ಅವನನ್ನೇ ನೋಡಿದಳು. ಆಮೇಲೆ ಅಳುವಿನ ನಡುವೆಯೇ ಉಕ್ಕಿ ಬಂತು ನಗು. ಕೈ ಅಡ್ಡ ಹೋಗಲಿಲ್ಲ.

"ಅಯ್ಯೋ ದೇವರೇ! ಅದು ಅಮ್ಮನ ಮಲ್ಲಿಗೆ ಕುಂಡ!"

"ಅವರಿಗೆ ನಾನೇ ಹೇಳ್ಲಾ?"

"ನೀವೇ ಹೇಳಿ. ನಾನು ಪಕ್ಕದಲ್ಲಿರ್ತೀನಿ."

"ತುಂಬಾ ಬೈತಾರಾ?"

"ತುಂಬಾ." ಅವಳು ಕೈ ಚಾಚಿದಳು. "ಬಾ, ದಾಮರ್. ಒಳಗೆ ಬಾ."